ಕುಸ್ವಾರ್ ಡಬ್ಬಿ ತುಂಬಿಸಿದವರಿಗೆ

ಇವತ್ತು ಜನವರಿ 6, ಮೂರು ರಾಯರ ಹಬ್ಬ. ಸಂಜೆ ಕ್ರಿಸ್ಮಸ್ಸಿನ ಗೋದಲಿ ಬಿಚ್ಚಿ, ಬೊಂಬೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಕೈ ತೊಳೆದು ಈ ಥ್ಯಾಂಕ್ಸ್ ಪತ್ರ ಬರೆಯಲು ಕೂತೆ. ನಾಳೆ ರಾತ್ರಿ ಬೆಂಗಳೂರು ಬಸ್ಸು. ಅಲ್ಲಿಗೆ ಹೋದ ಮೇಲೆ ಬರೆದರಾಯಿತು ಅಂತ ಬಿಟ್ಟರೆ ಈಸ್ಟರ್ ಬಂದರೂ ಬರೆಯುವವಳಲ್ಲ ನಾನು.

ಮೊದಲು ಸುದ್ದಿ: ಅಜ್ಜಿ ಈಗ ವಾಕರ್ ಹಿಡಿದು ಬಾವಿಕಟ್ಟೆಯವರೆಗೆ ಹೋಗಿ ಬರುತ್ತಾರೆ. ಹಿಂದೆ ಯಾರೂ ಬರಬಾರದು. ಬಂದರೆ ಬೈಗುಳ.

ಮನೆಯಲ್ಲಿ ನಾವು ಅವರನ್ನು ಕರೆಯುವುದು ವ್ಹಡ್ಲಿಮಾಂಯ್ ಎಂದು. ಊರವರಿಗೆ ಬಾಯಮ್ಮ. ಇದನ್ನು ಓದುವವರಲ್ಲಿ ಕೊಂಕಣಿ ಬಾರದವರೇ ಜಾಸ್ತಿ ಇರುವುದರಿಂದ ಅಜ್ಜಿ ಎಂದೇ ಬರೆಯುತ್ತೇನೆ. ವಯಸ್ಸು 84. ಕಿನ್ನಿಗೋಳಿ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಮದುವೆಯಾಗಿ ಬಂದಂದಿನಿಂದ ಇದ್ದಾರೆ. ಆಗಸ್ಟ್ ತಿಂಗಳ ಒಂದು ಸಂಜೆ, ಜಡಿಮಳೆಯಲ್ಲಿ, ಕೋಳಿಗೂಡಿನ ಬಾಗಿಲು ಹಾಕಲು ಅಂಗಳಕ್ಕೆ ಇಳಿದವರು ಪಾಚಿಯಲ್ಲಿ ಜಾರಿ ಬಿದ್ದರು. ಬಲಗಡೆಯ ಸೊಂಟದ ಮೂಳೆ ಮುರಿಯಿತು. ಅಮ್ಮ ಒಳಗೆ ಮಿಕ್ಸಿ ಹಾಕಿದ್ದರು, ಕೂಗಿದ್ದು ಕೇಳಲಿಲ್ಲ.

ಕೇಳಿದ್ದು ಪಕ್ಕದ ಮನೆಯ ಅಕ್ಕನಿಗೆ. ವಯಸ್ಸಿನ ಲೆಕ್ಕದಲ್ಲಿ ನಾನು ಅವರನ್ನು ದೊಡ್ಡಮ್ಮ ಅನ್ನಬೇಕು. ಆದರೆ ಊರಿಗೆಲ್ಲ ಅಕ್ಕ ಆದವರು ನನಗೂ ಅಕ್ಕನೇ. ಬೇಲಿ ದಾಟಿ ಓಡಿ ಬಂದ ಅಕ್ಕ ಅಜ್ಜಿಯನ್ನು ಎತ್ತಲು ಹೋಗಲಿಲ್ಲ. ಪಕ್ಕದಲ್ಲೇ ಕೆಸರಿನಲ್ಲಿ ಕೂತು, ಕೊಡೆಯನ್ನು ಅಜ್ಜಿಯ ಮುಖದ ಮೇಲೆ ಹಿಡಿದು, ಇನ್ನೊಂದು ಕೈಯಿಂದ ಕಾಲು ಅಲುಗಾಡದ ಹಾಗೆ ಒತ್ತಿಕೊಂಡು, ನಾಲ್ಕು ಮನೆಗೆ ಕೇಳುವ ಹಾಗೆ ಬೊಬ್ಬೆ ಹಾಕಿದರು. ಎಳೆದು ಕೂರಿಸದೆ ಇದ್ದದ್ದು ಒಳ್ಳೆಯದಾಯಿತು ಎಂದು ಆಮೇಲೆ ಡಾಕ್ಟರು ಹೇಳಿದರು. ಎಲ್ಲಿ ಕಲಿತದ್ದು ಎಂದು ಕೇಳಿದರೆ ಅಕ್ಕ, "ಎಂತ ಕಲಿಯುವುದು ಮಾರಾಯ್ತಿ, ಕಾಲು ಓರೆಯಾಗಿತ್ತಲ್ಲ" ಅಂದರು.

ರಿಕ್ಷಾದ ಅಣ್ಣ ಆ ದಿನ ರಿಕ್ಷಾ ತರಲಿಲ್ಲ. ಯಾರದೋ ಓಮ್ನಿ ಕೇಳಿ ತಂದು, ಹಿಂದಿನ ಸೀಟು ಬಿಚ್ಚಿ, ನಮ್ಮ ಕೊಟ್ಟಿಗೆಯ ಹಳೆ ಬಾಗಿಲ ಹಲಗೆಯ ಮೇಲೆ ಅಜ್ಜಿಯನ್ನು ಮಲಗಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಆ ಹಲಗೆ ವಾಪಸ್ ಬಂದಿಲ್ಲ. ಅಜ್ಜಿ ಅದನ್ನು ಮರೆತಿಲ್ಲ. ಆಪರೇಷನ್ನಿಗೆ ಎರಡು ಯೂನಿಟ್ ರಕ್ತ ಕೊಟ್ಟವರಲ್ಲಿ ಒಬ್ಬ ನಮ್ಮ ದಿನಸಿ ಅಂಗಡಿಯ ಇಬ್ಬಾಕನ ಮಗ, ಇನ್ನೊಬ್ಬನನ್ನು ನಾನು ಇವತ್ತಿನವರೆಗೆ ನೋಡಿಲ್ಲ. ತಮ್ಮಾ, ನೀನು ಇದನ್ನು ಓದಿದರೆ ಒಮ್ಮೆ ಮನೆಗೆ ಬಾ. ನಮ್ಮ ವಾಡೊದ (ಇಗರ್ಜಿಯ ವಾರ್ಡು) ಮುಖ್ಯಸ್ಥರಾದ ಗುರಿಕಾರರು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಆಸ್ಪತ್ರೆಯಲ್ಲಿ ರಾತ್ರಿ ಯಾರು ಉಳಿಯಬೇಕು, ಬೆಳಗ್ಗೆ ಗಂಜಿ ಯಾರ ಮನೆಯದ್ದು ಎಂದು ಹನ್ನೆರಡು ದಿನದ ಪಟ್ಟಿ ಮಾಡಿದರು. ಪಪ್ಪ ಒಬ್ಬರೇ ಇದ್ದ ಆ ದಿನಗಳಲ್ಲಿ ಪಟ್ಟಿಯ ಒಂದು ಮನೆಯೂ ತಪ್ಪಿಸಲಿಲ್ಲ. ರಾತ್ರಿ ಪಾಳಿಯ ಇಬ್ಬರು ಸಿಸ್ಟರುಗಳಿಗೆ ಅಜ್ಜಿ ಆಮೇಲೆ ಕ್ರೋಶಾದ ಅಂಚು ಹಾಕಿದ ಕರವಸ್ತ್ರ ಕಳಿಸಿದ್ದಾರೆ. ಅವರ ಥ್ಯಾಂಕ್ಸು ಅವರೇ ಹೇಳಿ ಆಯಿತು ಎಂದು ಲೆಕ್ಕ.

ಮನೆಗೆ ಬಂದ ಮೇಲೆ ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗನದ್ದು ಬೇರೆಯೇ ತಾಳ್ಮೆ. ಅವನ ಬೈಕಿನ ಸದ್ದು ಗೇಟಿನಲ್ಲಿ ಕೇಳಿದ ಕೂಡಲೇ ಅಜ್ಜಿಗೆ ನಿದ್ದೆ ಬರುತ್ತಿತ್ತು. ಅವನು ಜಗಲಿಯಲ್ಲಿ ಕೂತು ಅಮ್ಮ ಕೊಟ್ಟ ಚಹಾ ಕುಡಿದು, ಪೇಪರ್ ಓದಿ, ನಿದ್ದೆ ಮುಗಿಯುವವರೆಗೆ ಕಾಯುತ್ತಿದ್ದ. ಬೆರಳುಗಳಿಗೆ ಕೆಲಸ ಕೊಡಿ ಎಂದು ಹೇಳಿದವನೂ ಅವನೇ. ಹಾಗಾಗಿಯೇ ಅಕ್ಟೋಬರಿನಲ್ಲಿ ಕ್ರೋಶಾ ಕಡ್ಡಿ ಮತ್ತೆ ಹೊರಗೆ ಬಂತು. ನಮ್ಮ ಮನೆಯ ಅಲ್ತಾರಿನ, ಅಂದರೆ ದೇವರ ಪೀಠದ, ಬಟ್ಟೆಗೆ ಪ್ರತಿ ನಾತಾಲಿಗೆ (ಕ್ರಿಸ್ಮಸ್ಸಿಗೆ) ಹೊಸ ಅಂಚು ಆಗಬೇಕು. ಈ ವರ್ಷದ ಅಂಚಿನಲ್ಲಿ ಎಡ ಮೂಲೆಗೆ ಬರುವಾಗ ಎರಡು ಹೂ ಕಡಿಮೆ ಬಿದ್ದಿದೆ. ಬಿಚ್ಚಿ ಹಾಕಲಾ ಎಂದು ಅಮ್ಮ ಕೇಳಿದ್ದಕ್ಕೆ, "ಆ ಮೂಲೆಯಲ್ಲಿ ಹೂದಾನಿ ಇಡು" ಎಂದರು.

ಇನ್ನು ನಾತಾಲಿನ ವಿಷಯ. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ಕ್ರಿಸ್ಮಸ್ ಅಂದರೆ ಎಲ್ಲರಿಗೂ ಕೇಕು ನೆನಪಾಗುತ್ತದೆ. ಮಂಗಳೂರು ಕಡೆಯ ನಮ್ಮ ಮನೆಗಳಿಗೆ ಕೇಕು ತಡವಾಗಿ ಬಂದ ನೆಂಟ. ಹಬ್ಬ ಎಂದರೆ ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಲಿ, ಕುಚ್ಚಲಕ್ಕಿ ಹುರಿದು ಪುಡಿ ಮಾಡಿ ಬೆಲ್ಲ ಹಾಕಿದ ಲಾಡು, ಎಲ್ಲ ಸೇರಿದ ಒಂದು ತಟ್ಟೆ. ಆ ತಟ್ಟೆ ಬೇಲಿಯಾಚೆಗೆ ಹೋಗಬೇಕು. ಹೋಗದಿದ್ದರೆ ಹಬ್ಬ ಆಗಲಿಲ್ಲ. ಚೌತಿಗೆ ಅಕ್ಕನ ಮನೆಯಿಂದ ಪಂಚಕಜ್ಜಾಯ, ಈದ್‌ಗೆ ಇಬ್ಬಾಕನ ಮನೆಯಿಂದ ಬಿರಿಯಾನಿ ಬಂದ ಪಾತ್ರೆಗಳಿಗೆ ಡಿಸೆಂಬರಿನಲ್ಲಿ ಲೆಕ್ಕ ಚುಕ್ತಾ.

ನವೆಂಬರಿನಲ್ಲಿ ನಾನು ಫೋನಿನಲ್ಲೇ ತೀರ್ಪು ಕೊಟ್ಟೆ: ಈ ಸಲ ಯಾರೂ ಒಲೆ ಹಚ್ಚುವುದು ಬೇಡ, ಅಮ್ಮನಿಗೆ ಅಜ್ಜಿಯನ್ನು ನೋಡಿಕೊಳ್ಳುವುದೇ ಸಾಕಾಗಿದೆ, ಕುಸ್ವಾರ್ ನಾನು ಆನ್‌ಲೈನಿನಲ್ಲಿ ತರಿಸುತ್ತೇನೆ. ತರಿಸಿದೆ. ಚಂದದ ಪೆಟ್ಟಿಗೆ, ಮೇಲೆ ಕೆಂಪು ರಿಬ್ಬನ್. ಕೊಕ್ಕಿಸಾಂ ಅರ್ಧಕ್ಕರ್ಧ ಪುಡಿಯಾಗಿತ್ತು. ಅಜ್ಜಿ ಒಂದು ಕಿಡಿಯೊ ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಮೆಲ್ಲ ತೆಗೆದು ತಟ್ಟೆಯ ಅಂಚಿನಲ್ಲಿ ಇಟ್ಟರು. "ಡಾಲ್ಡಾ" ಎಂದು ಒಂದೇ ಶಬ್ದ. ಅಮ್ಮ ಇದನ್ನು ಹೇಳುವಾಗ ನಗುತ್ತಿದ್ದರು, ನನಗೆ ಬೆಂಗಳೂರಿನಲ್ಲಿ ಕೂತು ಕಿವಿ ಬಿಸಿಯಾಯಿತು.

ಅದು ಅಕ್ಕನ ಕಿವಿಗೂ ಬಿತ್ತು. ಡಿಸೆಂಬರಿನ ಎರಡನೇ ಭಾನುವಾರ ಬೆಳಗ್ಗೆ ಅಕ್ಕ ನಮ್ಮ ಜಗಲಿ ಹತ್ತಿದಾಗ ಅವರ ಕೈಯಲ್ಲಿ ಒಂದು ಗೆರಸೆ ಇತ್ತು. ಬೀಡಿ ಕಟ್ಟುವ ಗೆರಸೆ.

ಆ ಗೆರಸೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಅಜ್ಜಿ ಇಪ್ಪತ್ತೆಂಟು ವರ್ಷ ಬೀಡಿ ಕಟ್ಟಿದವರು. ನಮ್ಮೂರಿನ ಎಷ್ಟೋ ಮನೆಗಳ ಹಾಗೆ, ಪಪ್ಪನ ಶಾಲೆ ಫೀಸು, ಅತ್ತೆಯಂದಿರ ಮದುವೆ, ಬಾವಿಯ ಮೋಟಾರು ಎಲ್ಲ ಆ ಗೆರಸೆಯಿಂದಲೇ ಎದ್ದು ಬಂದದ್ದು. ಅಕ್ಕ ಹದಿನೈದರ ಹುಡುಗಿಯಾಗಿದ್ದಾಗ ಎಲೆ ಕತ್ತರಿಸುವುದನ್ನು, ಹೊಗೆಸೊಪ್ಪು ತುಂಬಿ ಸುತ್ತುವುದನ್ನು, ತುದಿಯನ್ನು ಉಗುರಿನಿಂದ ಒಳಗೆ ಮಡಚುವುದನ್ನು ಕಲಿತದ್ದು ನಮ್ಮ ಜಗಲಿಯಲ್ಲಿ, ಅಜ್ಜಿಯ ಪಕ್ಕ ಕೂತು. ಡಿಸೆಂಬರ್ ಬಂದರೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮೇಲೆ, ಅದೇ ಜಗಲಿ ಗುಡಿಸಿ, ಕೈಯ ಹೊಗೆಸೊಪ್ಪಿನ ಘಾಟು ಹೋಗುವವರೆಗೆ ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು, ಕಿಡಿಯೊ ಮಾಡಲು ಕೂರುತ್ತಿದ್ದರಂತೆ. ಅದಕ್ಕೆಂದೇ ಬೇರೆ ಗೆರಸೆ ಒಂದು ಅಟ್ಟದಲ್ಲಿ ಇರುತ್ತಿತ್ತು. ಬೀಡಿ ನಿಂತು ಎಷ್ಟೋ ವರ್ಷವಾಯಿತು. ಕಿಡಿಯೊ ನಿಲ್ಲಲಿಲ್ಲ. ನಾನು ಹುಟ್ಟಿದಂದಿನಿಂದ ಡಿಸೆಂಬರಿನ ನಾಲ್ಕು ಸಂಜೆ ಅಕ್ಕ ನಮ್ಮ ಮನೆಯಲ್ಲಿ ಕೂತಿರುವುದನ್ನು ನೋಡಿದ್ದೇನೆ. ಸಹಾಯಕ್ಕೆ ಬರುತ್ತಾರೆ ಎಂದಷ್ಟೇ ತಿಳಿದುಕೊಂಡಿದ್ದೆ.

ಕಿಡಿಯೊ ಎಂದರೆ ಹುಳ. ಹೆಸರು ಕೇಳಿ ಹೆದರಬೇಡಿ. ಮೈದಾ, ಮೊಟ್ಟೆ, ತೆಂಗಿನಕಾಯಿಯ ದಪ್ಪ ಹಾಲು, ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು. ಕಲಸಿದ ಹಿಟ್ಟನ್ನು ಒದ್ದೆಬಟ್ಟೆ ಮುಚ್ಚಿ ಒಂದು ಗಂಟೆ ಬಿಡಬೇಕು. ಗೋಲಿಗಿಂತ ಸಣ್ಣ ಉಂಡೆ ಮಾಡಿ, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಲ್ಲಿ ಒತ್ತಿ ಕೆಳಗೆ ಎಳೆದರೆ ಹಿಟ್ಟು ತಾನೇ ಸುರುಳಿ ಸುತ್ತಿಕೊಂಡು ಮೈಮೇಲೆ ಗೆರೆ ಮೂಡಿಸಿಕೊಳ್ಳುತ್ತದೆ. ಒತ್ತುವುದು ಜಾಸ್ತಿಯಾದರೆ ಬಾಚಣಿಗೆಗೆ ಅಂಟುತ್ತದೆ, ಕಡಿಮೆಯಾದರೆ ಒಳಗೆ ದಪ್ಪ ಉಳಿದು ಕರಿದ ಮೇಲೂ ಹಸಿ ಇರುತ್ತದೆ. ಅಕ್ಕನ ಹೆಬ್ಬೆರಳು ಬೀಡಿ ಸುತ್ತಿದ ಹೆಬ್ಬೆರಳು. ನಾನು ಒಂದು ಮಾಡುವಷ್ಟರಲ್ಲಿ ಅವರದ್ದು ಆರು.

ಅಜ್ಜಿಯ ಮಂಚವನ್ನು ಚಾವಡಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿ ಎಳೆದಿಟ್ಟಿದ್ದೆವು. ಅಲ್ಲಿಂದಲೇ ಆಜ್ಞೆ. ಎಣ್ಣೆ ಕಾಯಲಿಲ್ಲ, ಈಗ ಕಾಯ್ತು, ಎಳ್ಳು ಚಟಪಟ ಅಂದದ್ದು ನಿಮಗೆ ಕೇಳುವುದಿಲ್ಲವಾ. ಹೀಗೆ ನಡೆಯುತ್ತಿದ್ದದ್ದು ಗುಳಿಯೊಗೆ ಬಂದಾಗ ನಿಂತಿತು. ಅಕ್ಕಿಹಿಟ್ಟು ಹುರಿದು ಇಟ್ಟಾಗಿತ್ತು. ಹಾಲು ಎಷ್ಟು ಎಂದು ಅಮ್ಮ ಕೇಳಿದರು. ಅಮ್ಮ ಈ ಮನೆಗೆ ಬಂದು ಮೂವತ್ತೆರಡು ವರ್ಷ, ಆದರೆ ಅಳತೆ ಯಾವಾಗಲೂ ಅಜ್ಜಿಯದ್ದೇ. ಅಜ್ಜಿ ಬಾಯಿ ತೆರೆದರು, ಮುಚ್ಚಿದರು. ಆಪರೇಷನ್ ಆದ ಮೇಲೆ ಒಮ್ಮೊಮ್ಮೆ ಹೀಗಾಗುತ್ತದೆ, ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಗುಳಿಯೊದಲ್ಲಿ ಲೆಕ್ಕ ತಪ್ಪಿದರೆ ಎಣ್ಣೆಯಲ್ಲಿ ಸಿಡಿದು ಮುಖಕ್ಕೇ ಬರುತ್ತದೆ, ಅದಕ್ಕೇ ಅಮ್ಮ ಕೈ ನಿಲ್ಲಿಸಿಕೊಂಡು ಕಾದರು. ನಾನು ಫೋನಿನಲ್ಲಿ ಹುಡುಕಲು ಹೊರಟೆ.

ಒಲೆಯ ಕಡೆಗೆ ಮುಖ ಮಾಡಿ ನಿಂತಿದ್ದ ಅಕ್ಕ ತಿರುಗಿಯೂ ನೋಡದೆ ಹೇಳಿದರು: "ನಾಲ್ಕು ಕುಡ್ತೆ ಹಿಟ್ಟಿಗೆ ಒಂಜಿ ತಾರಾಯಿದ ಪೇರ್." ಅಂದರೆ ನಾಲ್ಕು ಅಳತೆ ಪಾತ್ರೆ ಹಿಟ್ಟಿಗೆ ಒಂದು ತೆಂಗಿನಕಾಯಿಯ ಹಾಲು. "ಮೊದಲು ಹಿಂಡಿದ್ದು ಮಾತ್ರ. ಬಿಸಿ ಮಾಡಿ ಹಾಕಬೇಕು, ಬಾಯಮ್ಮ ಯಾವಾಗಲೂ ಬಿಸಿ ಮಾಡಿಯೇ ಹಾಕುವುದು."

ಚಾವಡಿಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಜ್ಜಿ, "ನನಗೆ ಗೊತ್ತಿತ್ತು. ನೀನು ಹೇಳ್ತೀಯಾ ಅಂತ ನೋಡಿದ್ದು" ಎಂದರು. ಅಕ್ಕ, "ಹೌದಾ, ಹೌದಾ" ಅಂದರು. ಅಷ್ಟೇ. ಇಬ್ಬರೂ ಆಮೇಲೆ ಆ ಮಾತು ಎತ್ತಲಿಲ್ಲ.

ನಾನು ಫೋನ್ ಕೆಳಗಿಟ್ಟೆ. ಅಜ್ಜಿ ಬಿದ್ದ ದಿನದಿಂದ ನನ್ನ ತಲೆಯಲ್ಲಿ ಒಂದೇ ಹೆದರಿಕೆ ಕೂತಿತ್ತು: ಇವರ ಕೈಯಲ್ಲಿರುವುದನ್ನು ನಾವು ಯಾರೂ ಬರೆದಿಟ್ಟುಕೊಳ್ಳಲಿಲ್ಲ, ಎಲ್ಲ ಹೋಯಿತು ಎಂದು. ಎಲ್ಲಿಗೂ ಹೋಗಿರಲಿಲ್ಲ. ಬೇಲಿಯಾಚೆ ಇತ್ತು. ಮಾಡಿದವರ ಮನೆಯಲ್ಲಿ ಹಬ್ಬವೇ ಬೇರೆ, ಆದರೂ ನಮ್ಮ ಹಬ್ಬದ ಅಳತೆ ಅವರ ಬಾಯಲ್ಲಿತ್ತು. ಅಕ್ಕಾ, ಇದನ್ನು ನಿಮ್ಮೆದುರು ಹೇಳಲು ಹೋದರೆ ನೀವು "ಹೋಗು ಅತ್ತ" ಎಂದು ಓಡಿಸುತ್ತೀರಿ, ಅದಕ್ಕೇ ಇಲ್ಲಿ ಬರೆದೆ. ನಿಮ್ಮ ಮೊಮ್ಮಗ ಓದಿ ಹೇಳುತ್ತಾನೆ.

(ಆ ಹಿತ್ತಾಳೆಯ ಕುಡ್ತೆಯನ್ನು ಅಡುಗೆ ತಕ್ಕಡಿಯಲ್ಲಿಟ್ಟು ತೂಗಿ, ಈಗ ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ. ಅಜ್ಜಿಗೆ ಅದು ಇಷ್ಟವಾಗಿಲ್ಲ. ಕೈಗೆ ಗೊತ್ತಾಗದ್ದು ತಕ್ಕಡಿಗೆ ಏನು ಗೊತ್ತು ಎಂಬುದು ಅವರ ವಾದ. ಇರಲಿ, ನನ್ನ ಕೈ ಇನ್ನೂ ದಡ್ಡ.)

ಆ ಮೊಮ್ಮಗನ ವಿಷಯಕ್ಕೆ ಬಂದೆ. ಎಂಟನೇ ಕ್ಲಾಸು. ಅವನಿಗೂ ಒಂದು ದೊಡ್ಡ ಥ್ಯಾಂಕ್ಸ್ ಇದೆ.

ನಮ್ಮ ಅಜ್ಜ ತೀರಿಕೊಂಡು ಆರು ವರ್ಷ. ಅವರಿರುವಾಗ ನಕ್ಷತ್ರ ಮನೆಯಲ್ಲೇ ಆಗುತ್ತಿತ್ತು. ಅಮಾವಾಸ್ಯೆಗೆ ಕಡಿದ ಬಿದಿರೇ ಆಗಬೇಕು, ಇಲ್ಲದಿದ್ದರೆ ಕುಟ್ಟೆ ಹುಳ ಹಿಡಿಯುತ್ತದೆ ಎಂಬುದು ಅವರ ಕಾನೂನು. ಅವರು ಹೋದ ಮೇಲೆ ಪೇಟೆಯಿಂದ ಪ್ಲಾಸ್ಟಿಕ್ ನಕ್ಷತ್ರ ತಂದು ತೂಗುಹಾಕಿದ್ದೆವು, ಬಲ್ಬು ಬದಲಿಸುವುದಷ್ಟೇ ಕೆಲಸ. ಈ ಸಲ ಆ ಹುಡುಗ ಅಜ್ಜಿಯ ಮಂಚದ ಪಕ್ಕ ಕೂತು ಕ್ರೋಶಾ ನೋಡುತ್ತಾ ನೋಡುತ್ತಾ, "ಬಾಯಮ್ಮ, ಅಜ್ಜ ಮಾಡುತ್ತಿದ್ದ ಹಾಗಿನ ನಕ್ಷತ್ರ ನನಗೆ ಮಾಡಲಿಕ್ಕಾಗುತ್ತದಾ" ಎಂದು ಕೇಳಿದ. ಅಜ್ಜಿಗೆ ಅಷ್ಟು ಸಾಕು.

ಮೂರು ಅಡಿಯ ಹತ್ತು ಬಿದಿರ ಕಡ್ಡಿ. ಐದೈದು ಸೇರಿಸಿ, ಒಂದರ ಮೇಲೆ ಒಂದು ಹಾಯಿಸಿ ಕಟ್ಟಿದರೆ ಎರಡು ಚಪ್ಪಟೆ ನಕ್ಷತ್ರ. ಎರಡನ್ನೂ ಒಂದಕ್ಕೊಂದು ಒರಗಿಸಿ ಐದು ತುದಿಗಳನ್ನು ಬಿಗಿಯಾಗಿ ಕಟ್ಟಬೇಕು. ಆಮೇಲೆ ನಡುವಿನಲ್ಲಿ ಕಡ್ಡಿಗಳು ಕೂಡುವ ಐದು ಕಡೆ ಗೇಣುದ್ದದ ಐದು ಗೂಟಗಳನ್ನು ತುರುಕಿದರೆ, ಆ ಚಪ್ಪಟೆ ವಸ್ತು ಉಸಿರು ತುಂಬಿಕೊಂಡ ಹಾಗೆ ಉಬ್ಬಿ ನಿಲ್ಲುತ್ತದೆ. ಹುಡುಗನ ಐದನೇ ಗೂಟ ಕೂತಾಗ ಅವನ ಮುಖ ನೋಡಬೇಕಿತ್ತು. ಅಂಟಿಗೆ ಮೈದಾ ಕುದಿಸಿ, ಹುಳ ತಿನ್ನದ ಹಾಗೆ ಚೂರು ಮೈಲುತುತ್ತು ಹಾಕಿದೆವು. ಬಣ್ಣದ ಕಾಗದ ಎರಡು ಸಲ ಹರಿಯಿತು. ಒಂದು ತುದಿ ಉಳಿದ ನಾಲ್ಕಕ್ಕಿಂತ ಗಿಡ್ಡ. ಅಜ್ಜ ಇದ್ದಿದ್ದರೆ ಬಿಚ್ಚಿಸುತ್ತಿದ್ದರು. ಅಜ್ಜಿ ಬಿಚ್ಚಿಸಲಿಲ್ಲ. ಗಿಡ್ಡ ತುದಿಯನ್ನು ಮೇಲೆ ಮಾಡಿ ತೂಗಿಸು, ದಾರ ಕಟ್ಟಿದ ಜಾಗ ಯಾರೂ ನೋಡುವುದಿಲ್ಲ ಎಂದರು. ಮೂಲೆಗೆ ಹೂದಾನಿ ಇಡಲು ಹೇಳಿದವರೇ ತಾನೇ.

ಗೋದಲಿಗೆ ರಾಗಿ ಬಿತ್ತಿದ್ದೂ ಅವನೇ. ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ಬಿತ್ತಿದರೆ 24ರ ರಾತ್ರಿಗೆ ಬೆರಳುದ್ದದ ಹಸಿರು ಸಿದ್ಧ. ಮುಳಿಹುಲ್ಲಿನ ಮಾಡು, ಬೈಹುಲ್ಲಿನ ಹಾಸು, ಅದರ ಮೇಲೆ ಮರಿಯಮ್ಮ, ಜೋಸೆಫ್, ಕುರುಬರು, ಮತ್ತೆ ನಮ್ಮ ಅಜ್ಜನ ಕೋಣ.

ಹೌದು, ಕೋಣ. ಅಜ್ಜನಿಗೆ ಕಂಬಳದ ಹುಚ್ಚು. ಗೋದಲಿಯ ಎತ್ತಿನ ಬೊಂಬೆ ಒಡೆದ ವರ್ಷ ಅವರೇ ಆವೆಮಣ್ಣಿನಲ್ಲಿ ಒಂದು ಕೋಣ ಮಾಡಿ, ಮೂಗಿಗೆ ದಾರ ಹಾಕಿ, ಬಾಲಯೇಸುವಿನ ಪಕ್ಕ ನಿಲ್ಲಿಸಿದರು. ದೊಡ್ಡ ಗಲಾಟೆಯೇ ಆಯಿತು. ಬೆತ್ಲೆಹೇಮಿನಲ್ಲಿ ಕೋಣ ಎಲ್ಲಿತ್ತು ಎಂದು ಅತ್ತೆ ಜಗಳಕ್ಕೆ ನಿಂತರು. ಅಜ್ಜ ಬೈಬಲ್ ತೆಗೆದು, ಲೂಕನ ಸುವಾರ್ತೆಯಲ್ಲಿ ಗೋದಲಿ ಎಂದು ಮಾತ್ರ ಇದೆ, ಎತ್ತೂ ಇಲ್ಲ ಕತ್ತೆಯೂ ಇಲ್ಲ, ತೋರಿಸು ನೋಡುವ ಎಂದರು. ಗೋದಲಿಗೆ ಎತ್ತು, ಕತ್ತೆ ತಂದು ನಿಲ್ಲಿಸಿದ್ದು ಸಂತ ಫ್ರಾನ್ಸಿಸ್, 1223ರಲ್ಲಿ, ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ. "ಅವರೂರಿನ ಎತ್ತು ಅವರಿಟ್ಟರು, ನಮ್ಮೂರಿನ ಕೋಣ ನಾನಿಡುತ್ತೇನೆ." ಈ ವಾದಕ್ಕೆ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿಲ್ಲ. ಕೋಣದ ಒಂದು ಕೊಂಬಿನ ತುದಿ ಈ ವರ್ಷ ಮುರಿದಿತ್ತು. ಅಕ್ಕನ ಮೊಮ್ಮಗ ಸೇಫ್ಟಿ ಪಿನ್ನಿನ ತುಂಡು ಚುಚ್ಚಿ ಮಣ್ಣು ಮೆತ್ತಿ ಸರಿ ಮಾಡಿದ.

24ರ ರಾತ್ರಿ ಪೂಜೆಗೆ ಅಜ್ಜಿ ಬರುವುದು ಬೇಡ, ಫಾದರ್ ಮನೆಗೇ ಪರಮಪ್ರಸಾದ ತರುತ್ತಾರೆ ಎಂದು ಪಪ್ಪ ಮಾತಾಡಿ ಬಂದಿದ್ದರು. ಅಜ್ಜಿ ಮಧ್ಯಾಹ್ನದಿಂದ ಸೀರೆ ಉಟ್ಟು ಕೂತಿದ್ದರು. ಸಂಜೆ ಆರೂವರೆಗೆ ರಿಕ್ಷಾದ ಅಣ್ಣ ರಿಕ್ಷಾವನ್ನು ಅಂಗಳ ದಾಟಿಸಿ ಜಗಲಿಯ ಮೆಟ್ಟಿಲಿಗೇ ತಾಗಿಸಿ ನಿಲ್ಲಿಸಿದರು. ಯಾರು ಹೇಳಿದ್ದು ಎಂದರೆ ಉತ್ತರ ಇಲ್ಲ, ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ನನ್ನ ಗುಮಾನಿ. ಇಗರ್ಜಿಯ ಮೆಟ್ಟಿಲುಗಳನ್ನು ಯುವಕರು ಪ್ಲಾಸ್ಟಿಕ್ ಕುರ್ಚಿ ಸಮೇತ ಹತ್ತಿಸಿದರು. ಪೂಜೆ ಮುಗಿದು ಎಲ್ಲರೂ ಬಾಲಯೇಸುವಿನ ಪಾದ ಮುತ್ತಿಡಲು ಸಾಲು ನಿಂತಾಗ ಫಾದರ್ ಬೊಂಬೆಯನ್ನು ಎತ್ತಿಕೊಂಡು ಹಿಂದಿನ ಸಾಲಿಗೆ, ಅಜ್ಜಿಯ ಕುರ್ಚಿಯ ಬಳಿಗೇ ಬಂದರು. ಅಜ್ಜಿ ಮುತ್ತಿಟ್ಟು, ಸೆರಗಿನ ತುದಿಯಿಂದ ಬೊಂಬೆಯ ಪಾದ ಒರೆಸಿದರು. ನನಗೆ ಅಲ್ಲಿಂದ ಮುಂದೆ ಸರಿಯಾಗಿ ಕಾಣಲಿಲ್ಲ.

ಮರುದಿನ ಹದಿನೇಳು ತಟ್ಟೆ ಹೋದವು. ಅಕ್ಕನ ಮನೆಗೆ ಹೋದದ್ದು ತಟ್ಟೆಯಲ್ಲ, ಇಡೀ ಡಬ್ಬಿ. ಅವರೇ ಮಾಡಿದ್ದನ್ನು ಅವರಿಗೇ ಕೊಟ್ಟ ಹಾಗಾಯಿತು, ಆದರೂ ಬಾಗಿಲಲ್ಲಿ ನಿಂತು, "ಎಂತಕ್ಕೆ ಇಷ್ಟೆಲ್ಲ" ಎಂದು ನಾಲ್ಕು ಸಲ ಹೇಳಿಯೇ ಒಳಗಿಟ್ಟರು.

ಕುವೈತಿನಿಂದ ದಿನಾ ಫೋನ್ ಮಾಡಿದ ಚಿಕ್ಕಪ್ಪ, ರಜೆ ಕೇಳಿದಾಗೆಲ್ಲ ಒಂದೂ ಪ್ರಶ್ನೆ ಕೇಳದೆ ಕೊಟ್ಟ ನನ್ನ ಆಫೀಸಿನ ಮೇಡಂ, ಮಳೆಗಾಲದ ಹನ್ನೆರಡು ದಿನ ನಮ್ಮ ಹಸುವಿನ ಹಾಲು ಕರೆದ ಮೇಲಿನ ಮನೆಯವರು, ಅಂಗಳದ ಪಾಚಿಯನ್ನು ಕೇಳದೆಯೇ ಬಂದು ಕೆರೆದು ಸುಣ್ಣ ಹಾಕಿದ ಇಬ್ಬರು ಹುಡುಗರು, ಎಲ್ಲರಿಗೂ. ನಮ್ಮ ಕೊಂಕಣಿಯಲ್ಲಿ ಥ್ಯಾಂಕ್ಸ್ ಅನ್ನುವಲ್ಲಿ ದೇವ್ ಬರೆಂ ಕರುಂ ಅನ್ನುತ್ತೇವೆ, ದೇವರು ಒಳ್ಳೆಯದು ಮಾಡಲಿ ಎಂದು. ಅಜ್ಜಿ ಅದನ್ನು ಪ್ರತಿ ಸಂಜೆ ತೆರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಾರೆ. ಪಟ್ಟಿ ಉದ್ದವಾಗಿರುವುದರಿಂದ ನಮ್ಮ ಮನೆಯ ಊಟ ಈಗ ಹತ್ತು ನಿಮಿಷ ತಡ.

ಕೊನೆಯದಾಗಿ ಒಂದು ಸಣ್ಣ ಸಹಾಯ ಬೇಕು. ಈ ತಿಂಗಳ ಕೊನೆಗೆ ಕಾರ್ಕಳದ ಅತ್ತೂರು ಇಗರ್ಜಿಯ ಹಬ್ಬ. ಸಂತ ಲಾರೆನ್ಸರಿಗೆ ಮೇಣದ ಬತ್ತಿ ಹಚ್ಚುತ್ತೇನೆ ಎಂದು ಅಜ್ಜಿ ಆಸ್ಪತ್ರೆಯಲ್ಲೇ ಹರಕೆ ಹೇಳಿಕೊಂಡಿದ್ದಾರೆ. ರಿಕ್ಷಾದಲ್ಲೇ ಹೋಗುವುದು, ಅದೂ ಆ ಅಣ್ಣನ ರಿಕ್ಷಾದಲ್ಲಿ. ಆದರೆ 24ರಂದು ಅಣ್ಣ ಬಾಡಿಗೆ ತೆಗೆದುಕೊಳ್ಳಲಿಲ್ಲ, ಈ ಸಲವೂ ತೆಗೆದುಕೊಳ್ಳದಿದ್ದರೆ ತಾನು ಹತ್ತುವುದೇ ಇಲ್ಲ ಎಂದು ಅಜ್ಜಿ ಕೂತಿದ್ದಾರೆ. ಹತ್ತುವುದಾದರೆ ತಾನು ತೆಗೆದುಕೊಳ್ಳುವುದಿಲ್ಲ ಎಂದು ಅಣ್ಣ. ಇದನ್ನು ಓದುವ ಸ್ಟ್ಯಾಂಡಿನವರು ಯಾರಾದರೂ ಇದ್ದರೆ ಅವರಿಗೆ ಸ್ವಲ್ಪ ಹೇಳಿ ನೋಡಿ. ಹಾಗೇ ಆ ಬಾಗಿಲ ಹಲಗೆ ಓಮ್ನಿಯವರ ಮನೆಯಲ್ಲೇ ಇದೆಯಾ ಎಂದೂ ಕೇಳಿ.